ಗುರುತಿಲ್ಲದ ಗೋರಿಗಳು: ನಮ್ಮ ಪೂರ್ವಜರ ಶೋಧ

ಶತಮಾನೋತ್ಸವದ ಸಂಭ್ರಮದಲ್ಲಿ ನಾವು ಇಗರ್ಜಿಯ ಗೋಪುರವನ್ನೂ ಬಲಿಪೀಠವನ್ನೂ ಸೇವೆಗೈದು ಹೋದ ವಂದನೀಯ ಗುರುಗಳನ್ನೂ ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಅದು ಯುಕ್ತವೇ ಸರಿ. ಆದರೆ ಈ ಗೋಡೆಗಳಿಗೆ ಮುರಕಲ್ಲು ಹೊತ್ತವರು, ಗೇಣಿ ಸಂದಾಯವಾದ ಮೇಲೆ ಉಳಿದ ಅಲ್ಪ ಅಕ್ಕಿಯಲ್ಲೇ ಒಂದು ಪಾಲನ್ನು ದೇವರಿಗೆಂದು ತೆಗೆದಿಟ್ಟವರು ಎಲ್ಲಿ ವಿಶ್ರಮಿಸುತ್ತಿದ್ದಾರೆ? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪ್ರದೇಶದ ಹಳೆಯ ಸ್ಮಶಾನಗಳಲ್ಲಿ ಹೆಸರು ಕೆತ್ತಿದ ಗೋರಿಗಳು ಕೆಲವೇ ಕೆಲವು. ನಮ್ಮ ಹಿರಿಯರಲ್ಲಿ ಬಹುಪಾಲು ಜನ ಮಲಗಿರುವುದು ಹೆಸರಿಲ್ಲದ ಮಣ್ಣಿನಲ್ಲಿ.

ಇದಕ್ಕೆ ಕಾರಣ ಮಕ್ಕಳ ಅಲಕ್ಷ್ಯವೊಂದೇ ಎಂದು ಹೇಳುವುದು ಅನ್ಯಾಯವಾದೀತು. ಗೇಣಿದಾರನ ಮನೆಗೆ ಕಲ್ಲುಗೋರಿ ಕಟ್ಟಿಸುವ ಶಕ್ತಿಯಿರಲಿಲ್ಲ. ಮಣ್ಣುದಿಬ್ಬದ ಮೇಲೆ ಊರಿದ ಮರದ ಶಿಲುಬೆ ನಾಲ್ಕಾರು ಮಳೆಗಾಲಗಳಲ್ಲಿ ಗೆದ್ದಲಿಗೂ ನೀರಿಗೂ ಆಹುತಿಯಾಗುತ್ತಿತ್ತು. ಸ್ಮಶಾನದ ಸ್ಥಳ ಸಣ್ಣದಾದುದರಿಂದ ಕೆಲವು ವರ್ಷಗಳ ಬಳಿಕ ಅದೇ ಗುಂಡಿಯಲ್ಲಿ ಮತ್ತೊಬ್ಬರನ್ನು ಹೂಳುವುದು ವಾಡಿಕೆಯಾಗಿತ್ತು. ಹೀಗೆ ಒಂದೇ ನೆಲ ಮೂರು ನಾಲ್ಕು ತಲೆಮಾರುಗಳಿಗೆ ಹಾಸಿಗೆಯಾಯಿತು.

ಇದಕ್ಕಿಂತಲೂ ಹಿಂದಕ್ಕೆ ಹೋದರೆ ನಮ್ಮ ಸಮುದಾಯದ ಮಹಾ ದುರಂತವೇ ಎದುರಾಗುತ್ತದೆ. ಗೋವೆಯಿಂದ ಬಂದು, ಇಕ್ಕೇರಿ ಅರಸರ ಪ್ರೋತ್ಸಾಹದಿಂದ ಇಲ್ಲಿ ಬೇಸಾಯಕ್ಕೆ ನಿಂತ ಕೆನರಾದ ಕ್ರೈಸ್ತರು 1784ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಯಾದರು. ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇವರು ಇಂಗ್ಲಿಷರಿಗೆ ನೆರವಾದರೆಂಬುದು ಆರೋಪವಾಗಿತ್ತು. ಸೆರೆಯಾದವರ ಸಂಖ್ಯೆ ಒಂದೊಂದು ಮೂಲದಲ್ಲಿ ಒಂದೊಂದು ತೆರನಾಗಿದೆ. 30,000ದಿಂದ 80,000ದವರೆಗೆ ಹೇಳಿಕೆಗಳುಂಟು. ಘಟ್ಟ ಹತ್ತಿ ಶ್ರೀರಂಗಪಟ್ಟಣದವರೆಗೆ ನಡೆದ ಆ ದಾರಿಯಲ್ಲಿ ಹಸಿವು, ಜ್ವರ, ಬಳಲಿಕೆಗಳಿಂದ ಬಿದ್ದವರಿಗೆ ಗೋರಿಯೆಲ್ಲಿಯದು? ಇಗರ್ಜಿಗಳು ನೆಲಸಮವಾದುವು. ಮೂಡುಬಿದಿರೆಯ ಸಮೀಪದ ಹೊಸಬೆಟ್ಟಿನ ಪವಿತ್ರ ಶಿಲುಬೆಯ ದೇವಾಲಯ ಮಾತ್ರ ಜೈನ ಅರಸರಾದ ಚೌಟರ ಕೋರಿಕೆಯಿಂದ ಉಳಿಯಿತೆಂಬುದು ನಾವು ಮರೆಯಬಾರದ ಉಪಕಾರ. ಅನ್ಯಮತದ ಅರಸನೊಬ್ಬನ ಸ್ನೇಹ ನಮ್ಮ ಒಂದು ಪೂಜಾಮಂದಿರವನ್ನು ಕಾಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಹಿಂದಿರುಗತೊಡಗಿದರು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಫರಂಗಿಪೇಟೆ, ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ಮಾರ್ಗವಾಗಿ ಸಂಚರಿಸಿ ಈ ಸೀಮೆಯ ಬೆಳೆ, ಗೇಣಿ, ಜನಜೀವನವನ್ನು ಬರೆದಿಟ್ಟನು. ಹಿಂದಿರುಗಿದವರು ಕಾಡು ಬೆಳೆದ ಗದ್ದೆಗಳನ್ನು ಮತ್ತೆ ಹಸನುಮಾಡಿದ ಕಾಲವದು. ಎಲ್ಲರೂ ಮರಳಲಿಲ್ಲ. ಮೈಸೂರು ಸೀಮೆಯಲ್ಲಿ ಉಳಿದವರ ನಡುವೆ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಸೇವೆಗೈದು, ಹಾಸನದ ಬಳಿಯ ಸಾತಳ್ಳಿಯಂತಹ ಒಕ್ಕಲು ಊರುಗಳನ್ನು ನೆಲೆಗೊಳಿಸಿದರು. ಆದುದರಿಂದ ನಮ್ಮ ಕುಟುಂಬದ ಒಂದು ಕವಲು ಘಟ್ಟದ ಮೇಲೆ ಉಳಿದಿರಬಹುದೆಂಬ ಮಾತನ್ನು ಬರಿಯ ಕಟ್ಟುಕಥೆಯೆಂದು ತಳ್ಳಿಹಾಕಲಾಗದು.

ಹಾಗಾದರೆ ಗುರುತಿಲ್ಲದ ಗೋರಿಯನ್ನು ಅರಸುವವನು ಎಲ್ಲಿಂದ ಆರಂಭಿಸಬೇಕು? ಸ್ಮಶಾನದಿಂದಲ್ಲ, ಮನೆಯ ಹಿರಿಯಜ್ಜಿಯ ಬಾಯಿಂದ. ಡಿಸೋಜ, ಪಿಂಟೊ, ಲೋಬೊ, ಫೆರ್ನಾಂಡಿಸ್ ಮುಂತಾದ ಅಡ್ಡಹೆಸರುಗಳು ಊರೂರಿಗೂ ಇವೆ. ಅವುಗಳಿಂದ ದಾರಿ ಸಿಗದು. ದಾರಿ ತೋರಿಸುವುದು ಮನೆಹೆಸರು, ಜಾಗದ ಹೆಸರು, ಹೆಣ್ಣುಮಕ್ಕಳನ್ನು ಕೊಟ್ಟು ತಂದ ಊರುಗಳು. ಮದುವೆಯ ಮುನ್ನ ಸತ್ತವರ ಹೆಸರಿನಲ್ಲಿ ಬಡವರಿಗೆ ಉಣಬಡಿಸುವಾಗ ಯಾರಾರನ್ನು ನೆನೆಯುತ್ತಿದ್ದರು, ಯಾವ ತಿಂಗಳಲ್ಲಿ ಯಾರಿಗಾಗಿ ಪೂಜೆ ಹೇಳಿಸುತ್ತಿದ್ದರು ಎಂಬುದನ್ನು ಕೇಳಿ ಬರೆದುಕೊಂಡರೆ, ಕಲ್ಲಿನಲ್ಲಿ ಇಲ್ಲದ ಹೆಸರು ನೆನಪಿನಲ್ಲಿ ಸಿಗುತ್ತದೆ.

ಎರಡನೆಯ ಆಕರ ಇಗರ್ಜಿಯ ದಫ್ತರ. ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳನ್ನು ಇಡುವುದು ಧರ್ಮಸಭೆಯ ಹಳೆಯ ಕಟ್ಟಳೆ. ಮರಣದ ದಾಖಲೆಯಲ್ಲಿ ಸಾಮಾನ್ಯವಾಗಿ ಹೆಸರು, ವಯಸ್ಸು, ತಂದೆ ಅಥವಾ ಪತಿಪತ್ನಿಯರ ಹೆಸರು, ಪಡೆದ ಕಡೆಯ ಸಂಸ್ಕಾರಗಳು, ದಫನದ ದಿನ ಇರುತ್ತವೆ. ಆದರೆ ಬರಹ ಲ್ಯಾಟಿನಿನಲ್ಲೋ ಪೋರ್ಚುಗೀಸಿನಲ್ಲೋ ಇರಬಹುದು. ಮನೆಯಲ್ಲಿ ಜುವಾಂವ್ ಎಂದು ಕರೆದವನು ಅಲ್ಲಿ ಯೊವಾನೆಸ್. ಇನಾಸ್ ಎಂಬವನು ಇಗ್ನಾಸಿಯುಸ್. ಬಸ್ತ್ಯಾಂವ್ ಎಂಬವನು ಸೆಬಾಸ್ತಿಯಾನುಸ್. ಲಾದ್ರು ಎಂಬವನು ಲಾಜಾರುಸ್. ಇದನ್ನರಿಯದೆ ಪುಟ ಮಗುಚಿದವನು ತನ್ನ ಮುತ್ತಜ್ಜನನ್ನು ಕಣ್ಣೆದುರಿಗೇ ದಾಟಿಹೋದಾನು. ಇಂದಿನ ಧರ್ಮಕೇಂದ್ರ ಹುಟ್ಟುವ ಮೊದಲು ಆ ವಾಳೆಯವರು ಯಾವ ಮಾತೃ ಇಗರ್ಜಿಗೆ ಸೇರಿದ್ದರೆಂದೂ ವಿಚಾರಿಸಬೇಕು. 1784ಕ್ಕಿಂತ ಹಿಂದಿನ ದಾಖಲೆಗಳು ನಮ್ಮಲ್ಲಿ ಬಲು ವಿರಳ. ಪಣಜಿಯ ಪತ್ರಾಗಾರದಲ್ಲಿರುವ ಗೋವೆಯ ಹಳೆಯ ಪುಸ್ತಕಗಳೇ ಆಗ ಗತಿ.

ಮೂರನೆಯದು ಭೂಮಿಯ ಕಾಗದ. ಮೂಲಗೇಣಿ, ಚಾಲಗೇಣಿ ಚೀಟುಗಳು, ಅಡಂಗಲ್, 1974ರ ಭೂಸುಧಾರಣೆಯ ತಿದ್ದುಪಡಿಯ ಬಳಿಕ ಗೇಣಿದಾರರು ಭೂನ್ಯಾಯ ಮಂಡಳಿಗೆ ಸಲ್ಲಿಸಿದ ಏಳನೆಯ ನಮೂನೆಯ ಡಿಕ್ಲರೇಶನುಗಳು — ಇವು ವ್ಯಾಜ್ಯದ ಕಡತಗಳೆಂದು ತಿಳಿದು ನಾವು ಕಡೆಗಣಿಸಿದ್ದೇವೆ. ಯಾರು ಯಾರ ಕಾಲದಿಂದ ಯಾವ ಗದ್ದೆ ಸಾಗಿಸಿದರೆಂಬುದಕ್ಕೆ ಸಾಕ್ಷ್ಯ ಅಲ್ಲಿ ಸಿಗಬಹುದು. ಗದ್ದೆ ತಿಳಿದರೆ ಇಗರ್ಜಿ ತಿಳಿಯುತ್ತದೆ, ಇಗರ್ಜಿ ತಿಳಿದರೆ ಸ್ಮಶಾನ ತಿಳಿಯುತ್ತದೆ. ಮೂಡುಬಿದಿರೆಯು 1997ರವರೆಗೆ ಕಾರ್ಕಳ ತಾಲೂಕಿಗೆ ಸೇರಿತ್ತೆಂಬುದನ್ನು ಹುಡುಕುವವರು ನೆನಪಿಡಬೇಕು. 1923 ಮತ್ತು 1974ರ ನೇತ್ರಾವತಿಯ ನೆರೆಗಳನ್ನು ಕಂಡ ಬಂಟ್ವಾಳ, ಪಾಣೆಮಂಗಳೂರುಗಳಲ್ಲಿ ಮನೆಯ ಕಾಗದ ಉಳಿಯದಿದ್ದರೆ ಆಶ್ಚರ್ಯವಿಲ್ಲ. ಅಂಥವರಿಗೆ ಕಚೇರಿಯ ಪ್ರತಿಯೇ ಆಧಾರ. ಮಂಗಳೂರಿನ ಡಾ. ಮೈಕಲ್ ಲೋಬೊ ಅವರು ನೂರಾರು ಕುಟುಂಬಗಳ ವಂಶಾವಳಿಗಳನ್ನು ಜೋಡಿಸಿದ ಕಾರ್ಯವು ತಾಳ್ಮೆಯಿಂದ ಎಷ್ಟು ಸಾಧ್ಯವೆಂಬುದಕ್ಕೆ ನಿದರ್ಶನ.

ಬೆಳ್ತಂಗಡಿ ತಾಲೂಕಿನಲ್ಲಿ ಇನ್ನೊಂದು ಬಗೆಯ ವಿಯೋಗವೂ ಉಂಟು. ಕಳೆದ ಶತಮಾನದಲ್ಲಿ ಕೇರಳದಿಂದ ಬಂದು ಕಾಡು ಕಡಿದು ರಬ್ಬರು, ಅಡಿಕೆ ಬೆಳೆದ ಸಿರೋ-ಮಲಬಾರ್ ವಿಶ್ವಾಸಿಗಳಿಗಾಗಿ 1999ರಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯವೇ ಸ್ಥಾಪಿತವಾಯಿತು. ಅವರ ಅಜ್ಜಂದಿರ ಗೋರಿಗಳು ಊರಿನಲ್ಲಿ ಉಳಿದವು, ಮೊಮ್ಮಕ್ಕಳು ಇಲ್ಲಿ. ನಮ್ಮ ಪೂರ್ವಜರೂ ಗೋವೆಯನ್ನು ಹೀಗೆಯೇ ಬಿಟ್ಟುಬಂದವರಲ್ಲವೆ?

ಒಂದು ಕಹಿ ಸತ್ಯವನ್ನೂ ಇಲ್ಲಿ ಹೇಳದಿರಲಾಗದು. 1917ರ ಧರ್ಮಸಭೆಯ ಕಾನೂನು ಜ್ಞಾನಸ್ನಾನ ಪಡೆಯದೆ ತೀರಿಕೊಂಡ ಶಿಶುಗಳಿಗೂ ಬುದ್ಧಿಪೂರ್ವಕ ಆತ್ಮಹತ್ಯೆ ಮಾಡಿಕೊಂಡವರಿಗೂ ಧರ್ಮವಿಧಿಯ ದಫನವನ್ನು ನಿರಾಕರಿಸುತ್ತಿತ್ತು. ಅಂಥವರ ಹೆಸರನ್ನು ಮರಣದ ಪುಸ್ತಕದಲ್ಲಿ ಅರಸಿದರೆ ಸಿಗುವುದು ಕಷ್ಟ. 1983ರ ಕಾನೂನು ಈ ವಿಷಯದಲ್ಲಿ ಕರುಣೆಯ ಬಾಗಿಲನ್ನು ತೆರೆಯಿತು. ತಂದೆತಾಯಿಗಳು ಜ್ಞಾನಸ್ನಾನ ಕೊಡಿಸಲು ಬಯಸಿದ್ದ ಶಿಶುವಿಗೆ ಧರ್ಮಾಧ್ಯಕ್ಷರ ಅನುಮತಿಯಿಂದ ಧರ್ಮವಿಧಿಯ ದಫನ ಸಲ್ಲಬಹುದಾಯಿತು. ಎಷ್ಟೋ ತಾಯಂದಿರು ಯಾರಿಗೂ ಹೇಳದೆ ಮನಸ್ಸಿನಲ್ಲೇ ಹೊತ್ತ ಆ ಪುಟ್ಟ ಗೋರಿಗಳನ್ನು ಕುಟುಂಬದ ಚರಿತ್ರೆಯಿಂದ ನಾವು ಮತ್ತೊಮ್ಮೆ ಹೊರಗಿಡುವುದು ಬೇಡ.

ಇಷ್ಟೆಲ್ಲ ಶೋಧಿಸಿದರೂ ಇಂಥದೇ ಗುಂಡಿಯೆಂದು ಬೆರಳು ತೋರಿಸುವ ಭಾಗ್ಯ ಹೆಚ್ಚಿನವರಿಗೆ ಸಿಗದು. ಆಗ ಊಹೆಯಿಂದ ಒಂದು ಕಲ್ಲು ನಿಲ್ಲಿಸಿ ಸಮಾಧಾನಪಟ್ಟುಕೊಳ್ಳುವ ಆಸೆಯಾಗುವುದು ಸಹಜ. ಅದು ಸಲ್ಲದು. ಇನ್ನೊಬ್ಬರ ಹಿರಿಯರ ಮೇಲೆ ನಮ್ಮವರ ಹೆಸರು ಬರೆದರೆ ಸತ್ತವರಿಬ್ಬರಿಗೂ ಅಪಚಾರವಾಗುತ್ತದೆ. ಇಂಥ ಹೆಸರಿನವರು, ಇಂಥ ದಿನ ತೀರಿಕೊಂಡು, ಈ ಸ್ಮಶಾನದಲ್ಲಿ ಮಣ್ಣಾದರು ಎಂಬಷ್ಟು ಖಚಿತವಾದರೆ ಅದೇ ದೊಡ್ಡ ಗಳಿಕೆ.

ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ನಮ್ಮ ವಿನಮ್ರ ಸೂಚನೆಗಳು ಮೂರು. ಒಂದೊಂದು ವಾಳೆಯ ಗುರ್ಕಾರರೂ ಯುವಜನರೂ ಕೂಡಿ ಹಿರಿಯರ ಬಾಯಿಂದ ಮನೆಮನೆಯ ವಂಶಾವಳಿಯನ್ನು ಬರೆದಿಡಲಿ. ಹುಡಿಯಾಗುತ್ತಿರುವ ಮರಣದ ಪುಸ್ತಕಗಳ ಛಾಯಾಪ್ರತಿಗಳನ್ನು, ಧರ್ಮಗುರುಗಳ ಅಪ್ಪಣೆ ಪಡೆದು, ತೆಗೆದಿಡಲಿ. ಸ್ಮಶಾನದ ಮಧ್ಯದ ಶಿಲುಬೆಯ ಬುಡದಲ್ಲಿ, ಪುಸ್ತಕದಿಂದ ಖಚಿತವಾದ ಹೆಸರುಗಳನ್ನಷ್ಟೆ ಒಂದು ಶಿಲಾಫಲಕದಲ್ಲಿ ಕೆತ್ತಿಸಿ, ಕೊನೆಯಲ್ಲಿ ಹೆಸರು ಸಿಗದವರಿಗಾಗಿ ಒಂದು ಸಾಲನ್ನು ಸೇರಿಸಲಿ. ಹಾಗೆ ಮಾಡಿದರೆ ನವೆಂಬರ್ 2ರಂದು ಸಮಸ್ತ ಮೃತರಿಗಾಗಿ ದೀಪ ಹಚ್ಚುವಾಗ, ಗೋರಿಯಿಲ್ಲದ ಮನೆಯ ಮಕ್ಕಳಿಗೂ ಮೊಂಬತ್ತಿ ಇಡಲು ಒಂದು ತಾಣ ದೊರೆತೀತು.