ಬೆಳಗೊಳದ ಸೀಮೆಯಲ್ಲಿ ಬಿಡುಗಡೆಯ ಪಂಚಾಯತಿ

ಗಂಡಹೆಂಡಿರು ಬೇರೆಯಾಗಲು ನಿಶ್ಚಯಿಸಿದಾಗ ಅವರ ನಡುವೆ ನಿಂತು, ಒಡವೆವಸ್ತುಗಳ ಲೆಕ್ಕವನ್ನೂ ಮಕ್ಕಳ ವಿಚಾರವನ್ನೂ ಇತ್ಯರ್ಥಪಡಿಸುವ ಪದ್ಧತಿಯು ಈಗ ನ್ಯಾಯಾಲಯಗಳಲ್ಲಿ ‘ಮಧ್ಯಸ್ಥಿಕೆ’ ಎಂಬ ಹೆಸರಿನಿಂದ ರೂಢಿಗೆ ಬಂದಿದೆ. ಇದು ಹೊರನಾಡಿನಿಂದ ಬಂದ ಹೊಸ ಏರ್ಪಾಡೆಂದು ಕೆಲವರು ಭಾವಿಸುತ್ತಾರೆ. ನಮ್ಮ ಹಳೆಯ ಪಂಚಾಯತಿಯೇ ವೇಷ ಬದಲಿಸಿ ಬಂದಿದೆಯೆಂದು ಮತ್ತೆ ಕೆಲವರು ಹೇಳುತ್ತಾರೆ. ಎರಡರಲ್ಲಿಯೂ ಸ್ವಲ್ಪ ಸ್ವಲ್ಪ ನಿಜವಿದೆ. ಶ್ರೀರಂಗಪಟ್ಟಣಕ್ಕೆ ಪಶ್ಚಿಮದಲ್ಲಿ, ಕಾವೇರಿಯ ಬಲದಂಡೆಯ ಕಡೆಯಿರುವ ಬೆಳಗೊಳವನ್ನು ನಡುವಿಟ್ಟುಕೊಂಡು, ಅದರ ಸುತ್ತಣ ಸೀಮೆಯಲ್ಲಿ ಈ ವಿಷಯವು ನಡೆದು ಬಂದ ಬಗೆಯನ್ನು ಇಲ್ಲಿ ವಿಚಾರಮಾಡಬಹುದು.

ಈ ಸೀಮೆಯ ಕುಲಾಚಾರಗಳನ್ನು ಸ್ಥಳದಲ್ಲಿಯೇ ವಿಚಾರಿಸಿ ಬರೆದಿಟ್ಟವರಲ್ಲಿ ಫ್ರಾನ್ಸಿಸ್ ಬುಕಾನನನು ಮುಖ್ಯನು. ಟಿಪ್ಪುವಿನ ರಾಜಧಾನಿಯು ಬಿದ್ದು ಒಂದು ವರ್ಷ ಕಳೆದಿದ್ದಾಗ, ಎಂದರೆ 1800ನೆಯ ಇಸವಿಯ ಮೇ ತಿಂಗಳಿನಲ್ಲಿ, ಅವನು ಶ್ರೀರಂಗಪಟ್ಟಣಕ್ಕೆ ಬಂದನು. ಅವನ ಪ್ರವಾಸವೃತ್ತಾಂತವು 1807ರಲ್ಲಿ ಅಚ್ಚಾಯಿತು. ಒಂದೊಂದು ಕುಲದ ಹಿರಿಯರನ್ನೂ ಅವನು ಸುಮಾರಾಗಿ ಒಂದೇ ಪ್ರಶ್ನಾವಳಿಯಿಂದ ಕೇಳಿದನೆಂದು ತೋರುತ್ತದೆ: ವಿಧವೆಯು ಮರಳಿ ಮದುವೆಯಾಗಬಹುದೆ? ಗಂಡನು ಹೆಂಡತಿಯನ್ನು ಯಾವ ಕಾರಣಕ್ಕೆ ಬಿಡಬಹುದು? ಜಗಳಗಳನ್ನು ತೀರಿಸುವವರಾರು? ಕೊನೆಯ ಪ್ರಶ್ನೆಗೆ ಬಂದ ಉತ್ತರಗಳು ಬಹುಮಟ್ಟಿಗೆ ಒಂದೇ ಬಗೆಯವು: ವಂಶಪರಂಪರೆಯಾಗಿ ಬಂದ ಯಜಮಾನನೂ ಅವನೊಡನೆ ಕೂಡುವ ಹಿರಿಯರೂ ವಿಚಾರಿಸುತ್ತಾರೆ, ತಪ್ಪಿದವರಿಗೆ ದಂಡ ಹಾಕುತ್ತಾರೆ, ಕೇಳದವರನ್ನು ಕುಲದಿಂದ ಹೊರಗಿಡುತ್ತಾರೆ. ಪ್ರಶ್ನೆಗಳು ಗಂಡಸಿನಿಂದ ಗಂಡಸರಿಗೆ ಹೋದುವು. ಉತ್ತರಗಳೂ ಅವರಿಂದಲೇ ಬಂದುವು. ಈ ವೃತ್ತಾಂತವನ್ನು ಓದುವಾಗ ಇದನ್ನು ಮರೆಯತಕ್ಕದ್ದಲ್ಲ.

ಸುಮಾರು ನೂರು ವರ್ಷಗಳ ತರುವಾಯ ಎಚ್. ವಿ. ನಂಜುಂಡಯ್ಯನವರು ಮೈಸೂರು ಸಂಸ್ಥಾನದ ಕುಲಗಳ ಸಮೀಕ್ಷೆಯನ್ನು ಕೈಗೊಂಡರು. ಅವರ ಕಾಲಾನಂತರ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಅದನ್ನು ಪೂರೈಸಿದರು. ಸಂಪುಟಗಳು 1928ರಿಂದ 1935ರ ವರೆಗೆ ಹೊರಬಂದುವು. ಇವುಗಳಿಂದ ತಿಳಿದುಬರುವ ಹಾಗೆ ಕಟ್ಟಳೆಯು ಎಲ್ಲೆಡೆಯೂ ಒಂದೇ ಆಗಿರಲಿಲ್ಲ. ಒಂದೇ ಕುಲದ ಒಳಪಂಗಡಗಳಲ್ಲಿಯೂ ಭೇದವಿತ್ತು. ಬ್ರಾಹ್ಮಣರಲ್ಲಿ ಬಿಡುಗಡೆಯೆಂಬುದೇ ಇರಲಿಲ್ಲ. ಬೇಸಾಯದಿಂದಲೂ ಕಸುಬಿನಿಂದಲೂ ಜೀವಿಸುವ ಅನೇಕ ಕುಲಗಳಲ್ಲಿ ಅದಿತ್ತು. ಅಲ್ಲಿ ಬಿಡುಗಡೆ ಪಡೆದ ಹೆಂಗಸು ‘ಕೂಡಿಕೆ’ ಅಥವಾ ‘ಸೀರೆ ಉಡಿಕೆ’ ಎಂಬ ಚಿಕ್ಕ ವಿಧಿಯಿಂದ ಇನ್ನೊಬ್ಬನನ್ನು ಸೇರಬಹುದಾಗಿತ್ತು. ಹಾಗೆ ಸೇರಿದವಳಿಗೆ ಮೊದಲ ಮದುವೆಯ ಶುಭಕಾರ್ಯಗಳಲ್ಲಿ ಮುಂದೆ ನಿಲ್ಲುವ ಅಧಿಕಾರವಿರುತ್ತಿರಲಿಲ್ಲ.

ಈ ಪಂಚಾಯತಿಯ ಮುಖ್ಯ ಕೆಲಸವು ದೋಷನಿರ್ಣಯವೆಂದು ತಿಳಿಯುವುದು ಸರಿಯಲ್ಲ. ಅದು ಲೆಕ್ಕ ತೀರಿಸುವ ಕೆಲಸ. ಹೆಣ್ಣಿಗಾಗಿ ಕೊಟ್ಟ ‘ತೆರ’ವನ್ನೂ ಮದುವೆಯ ವೆಚ್ಚವನ್ನೂ ಮೊದಲ ಗಂಡನಿಗೆ ಯಾರು ಹಿಂದಿರುಗಿಸಬೇಕು, ತಾಳಿಯೂ ಒಡವೆಯೂ ಯಾರಿಗೆ ಸೇರಬೇಕು, ಮಕ್ಕಳು ಯಾರಲ್ಲಿರಬೇಕು ಎಂಬುವೇ ಅಲ್ಲಿನ ಪ್ರಶ್ನೆಗಳು. ತೆರದ ಹೊಣೆಯು ಅನೇಕ ಕಡೆ ಎರಡನೆಯ ಗಂಡನ ಮೇಲೆ ಬೀಳುತ್ತಿತ್ತು; ಮಕ್ಕಳು ಸಾಮಾನ್ಯವಾಗಿ ತಂದೆಯ ಪಾಲು. ಎರಡು ಮನೆಗಳು ಮತ್ತೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಂತಾದರೆ ಹಿರಿಯರ ಕಾರ್ಯವು ಕೈಗೂಡಿತು. ಹೆಂಗಸಿನ ಮಾತನ್ನು ಅವಳ ತಂದೆಯೋ ಅಣ್ಣನೋ ಆಡುತ್ತಿದ್ದರು. ಒಳ್ಳೆಯ ಅಣ್ಣನಿದ್ದವಳು ಬದುಕಿದಳು; ಇಲ್ಲದವಳ ಗತಿ ಬೇರೆ.

ಬಿಡುಗಡೆಯನ್ನು ಲೆಕ್ಕದ ಮೇಲೆ ನಿಲ್ಲಿಸುವ ಭಾವನೆಯು ಬಹಳ ಹಳೆಯದು. ಬೆಳಗೊಳಕ್ಕೆ ಸಮೀಪದ ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳಿಂದ 1909ರಲ್ಲಿ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಒಬ್ಬರಿಗೆ ಮಾತ್ರ ಮನಸ್ಸಿಲ್ಲದಿದ್ದರೆ ಮೋಕ್ಷವಿಲ್ಲ, ಇಬ್ಬರಲ್ಲಿಯೂ ದ್ವೇಷವಿದ್ದರೆ ಉಂಟು ಎಂಬ ನಿಯಮವಿದೆ. ಬಿಡಲಿಚ್ಛಿಸುವವನು ಹೆಂಡತಿಯಿಂದ ಪಡೆದುದನ್ನು ಹಿಂದಕ್ಕೆ ಕೊಡಬೇಕು. ಅವಳೇ ಬಿಡಲಿಚ್ಛಿಸಿದರೆ ಅವಳಿಗೆ ಅದು ಬರುವುದಿಲ್ಲ. ಧರ್ಮ್ಯವೆನಿಸಿದ ಮೊದಲ ನಾಲ್ಕು ವಿವಾಹಗಳಿಗೆ ಈ ಮೋಕ್ಷವಿಲ್ಲ. ಹಳ್ಳಿಯ ಕಟ್ಟೆಯು ಕೌಟಿಲ್ಯನಿಂದ ಇದನ್ನು ಕಲಿತಿತೆಂದು ನಾವು ಹೇಳುವುದಿಲ್ಲ. ಕಟ್ಟೆಗೆ ಶಾಸ್ತ್ರದ ಹಂಗಿರಲಿಲ್ಲ.

ಸರ್ಕಾರವು ಇದರಲ್ಲಿ ಮೊದಲು ಕೈಹಾಕಿದುದು ನ್ಯಾಯಕ್ಕಾಗಿ ಅಲ್ಲ, ಹಣಕ್ಕಾಗಿ. ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನನ ಆಡಳಿತದಲ್ಲಿ (1834–61) 769 ಚಿಲ್ಲರೆ ತೆರಿಗೆಗಳು ರದ್ದಾದುವೆಂದು ರೈಸ್ ಅವರು ತಮ್ಮ ಗೆಜೆಟಿಯರಿನಲ್ಲಿ ಹೇಳಿದ್ದಾರೆ. ಮದುವೆಗೊಂದು, ವ್ಯಭಿಚಾರಕ್ಕೊಂದು, ಮಗು ಹುಟ್ಟಿದರೊಂದು, ಅದಕ್ಕೆ ಹೆಸರಿಟ್ಟರೊಂದು, ಕೂದಲು ತೆಗೆಸಿದರೊಂದು ತೆರಿಗೆ ಆ ಪಟ್ಟಿಯಲ್ಲಿವೆ! ಇಂತಹ ಸರ್ಕಾರದ ಕಚೇರಿಗಿಂತ ಊರ ಕಟ್ಟೆಯೇ ಲೇಸೆಂದು ಜನರು ಬಗೆದುದರಲ್ಲಿ ಆಶ್ಚರ್ಯವೇನು?

ಆಂಗ್ಲ ನ್ಯಾಯಾಲಯಗಳ ದೃಷ್ಟಿಯು ಬೇರೆ. ಗಂಡನ ಸಮ್ಮತಿಯಿಲ್ಲದೆ ಕುಲದವರು ಮದುವೆಯನ್ನು ಮುರಿದು ಮರುಮದುವೆಗೆ ಅಪ್ಪಣೆ ಕೊಡುವ ಅಧಿಕಾರವನ್ನು ಮುಂಬಯಿ ಉಚ್ಚ ನ್ಯಾಯಾಲಯವು 1876ರಲ್ಲಿ ಒಪ್ಪಲಿಲ್ಲ. ಆಗ ಧಾರವಾಡ, ಬೆಳಗಾವಿ ಮೊದಲಾದ ಕನ್ನಡ ಜಿಲ್ಲೆಗಳು ಅದರ ಅಧೀನದಲ್ಲಿದ್ದುವು. ಉಭಯರೂ ಒಪ್ಪಿ, ಹಣ ತೀರಿಸಿ ಬೇರೆಯಾಗುವ ಆಚಾರವು ನೀತಿಬಾಹಿರವಲ್ಲವೆಂದು ಮದರಾಸಿನವರು 1894ರಲ್ಲಿ ಹೇಳಿದರು. ಮೈಸೂರು ಸಂಸ್ಥಾನವು ಇವೆರಡಕ್ಕೂ ಹೊರಗಿತ್ತು.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಎಂ. ಎನ್. ಶ್ರೀನಿವಾಸರು ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ನೆಲಸಿ, ಅದನ್ನು ‘ರಾಮಪುರ’ವೆಂದು ಕರೆದು ಬರೆದರು. ಒಕ್ಕಲಿಗ ಹಿರಿಯರು ತಮ್ಮವರ ವ್ಯಾಜ್ಯಗಳನ್ನಲ್ಲದೆ ಇತರ ಕುಲದವರ ವ್ಯಾಜ್ಯಗಳನ್ನೂ ತೀರಿಸುತ್ತಿದ್ದರೆಂಬುದು ಅವರ ಬರಹಗಳಿಂದ ಗೊತ್ತಾಗುತ್ತದೆ. ಅವರ ಟಿಪ್ಪಣಿಗಳ ಪರಿಷ್ಕೃತ ಪ್ರತಿಗಳು 1970ರಲ್ಲಿ ಬೆಂಕಿಗೆ ಆಹುತಿಯಾದುವು. 1976ರ ಗ್ರಂಥವನ್ನು ಅವರು ಬಹುಮಟ್ಟಿಗೆ ನೆನಪಿನಿಂದ ರಚಿಸಿದರು. ಪಂಚಾಯತಿಯ ತೀರ್ಪುಗಳೂ ನೆನಪಿನಲ್ಲಿಯೇ ಬದುಕಿದವಾದುದರಿಂದ ಇದು ಒಂದು ವಿಚಿತ್ರ ಸಾಮ್ಯವೆನ್ನಬೇಕು.

1955ರ ಹಿಂದೂ ವಿವಾಹ ಶಾಸನವು ನ್ಯಾಯಾಲಯದ ವಿಚ್ಛೇದನವನ್ನು ಎಲ್ಲ ಹಿಂದುಗಳಿಗೂ ತೆರೆಯಿತು. ಅದರ 29ನೆಯ ಕಲಮು ಆಚಾರಸಿದ್ಧವಾದ ಬಿಡುಗಡೆಯನ್ನು ಉಳಿಸಿತು. ಆದರೆ ಉಳಿದ ಹಕ್ಕನ್ನು ಸಾಧಿಸುವುದು ಸುಲಭವಲ್ಲ. ಅಂತಹ ಆಚಾರವುಂಟೆಂದು ಹೇಳುವವನೇ ಅದನ್ನು ವಾದದಲ್ಲಿ ಎತ್ತಿ ಸಾಕ್ಷ್ಯದಿಂದ ಸ್ಥಾಪಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ, ಯಮನಾಜಿ ಜಾಧವ ಮತ್ತು ನಿರ್ಮಲಾ ಇವರ ವ್ಯಾಜ್ಯದಲ್ಲಿ, ತೀರ್ಪುಕೊಟ್ಟಿತು. ಇದರ ಪರಿಣಾಮವನ್ನು ಹಳ್ಳಿಯವರು ಚೆನ್ನಾಗಿ ಗ್ರಹಿಸಬೇಕು. ಹಿರಿಯರ ಮುಂದೆ ಬರೆದ ಬಿಡುಗಡೆಪತ್ರವನ್ನು ನಂಬಿ ಎರಡನೆಯ ಮದುವೆ ಮಾಡಿಕೊಂಡವಳಿಗೆ, ವರ್ಷಗಳಾದ ಮೇಲೆ ಆ ಗಂಡನ ಆಸ್ತಿಯೋ ಪಿಂಚಣಿಯೋ ಬೇಕಾದಾಗ, ಮೊದಲ ಮದುವೆಯೇ ಇನ್ನೂ ಇದೆಯೆಂಬ ಆಕ್ಷೇಪಣೆಯು ಎದುರಾಗಬಹುದು. ಪತ್ರ ಬರೆಸಿದ ಹಿರಿಯರು ಆ ವೇಳೆಗೆ ಇರುವುದಿಲ್ಲ.

ನ್ಯಾಯಾಲಯಗಳು ರಾಜಿಯ ದಾರಿಗೆ ಬಂದುದು ಮೆಲ್ಲಮೆಲ್ಲನೆ. ಉಭಯಸಮ್ಮತಿಯ ವಿಚ್ಛೇದನವು 1976ರ ತಿದ್ದುಪಡಿಯಿಂದ ಬಂದಿತು. ರಾಜಿಗೆ ಯತ್ನಿಸುವುದು ಕುಟುಂಬ ನ್ಯಾಯಾಲಯದ ಕರ್ತವ್ಯವೆಂದು 1984ರ ಶಾಸನವು ವಿಧಿಸಿತು. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರವು 2007ರಲ್ಲಿ ಆರಂಭವಾಯಿತು. ದಾಂಪತ್ಯದ ವ್ಯಾಜ್ಯಗಳನ್ನು ಮಧ್ಯಸ್ಥಿಕೆಗೆ ಒಪ್ಪಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಕೆಳಗಿನ ನ್ಯಾಯಾಲಯಗಳಿಗೆ ಸೂಚಿಸಿತು.

ಹೊಸ ಮಧ್ಯಸ್ಥನ ಮುಂದಿರುವ ಪಟ್ಟಿಯನ್ನು ನೋಡಿದರೆ ಒಡವೆ, ಮದುವೆಯ ವೆಚ್ಚ, ಜೀವನಾಂಶ, ಮಕ್ಕಳು ಎಂದೇ ಇರುತ್ತದೆ. ಕಟ್ಟೆಯ ಹಿರಿಯನಿಗೆ ಇದರಲ್ಲಿ ಅಪರಿಚಿತವಾದುದು ಹೆಚ್ಚೇನೂ ಇಲ್ಲ. ಭೇದವಿರುವುದು ಅಧಿಕಾರದಲ್ಲಿ. ಈ ಮಧ್ಯಸ್ಥನು ತೀರ್ಪುಕೊಡಲಾರನು, ದಂಡ ಹಾಕಲಾರನು, ಕುಲದಿಂದ ಹೊರಗಿಡಲಾರನು. ಅವನ ಮುಂದೆ ಆಡಿದ ಮಾತು ಹೊರಗೆ ಹೋಗತಕ್ಕದ್ದಲ್ಲ. ಊರೆಲ್ಲ ಕೇಳುವಂತೆ ನಡೆಯುತ್ತಿದ್ದ ಕಟ್ಟೆಯಲ್ಲಿ ಈ ಗುಟ್ಟಿಗೆ ಎಡೆಯಿರಲಿಲ್ಲ. ಒಪ್ಪಂದಕ್ಕೆ ಹೆಂಗಸೇ ಕೈಹಾಕಬೇಕು. ಅಣ್ಣನ ರುಜುವು ಸಾಲದು. ಹಿರಿಯರ ಸಮಕ್ಷಮದಲ್ಲಿ ಒಪ್ಪಿದ ಷರತ್ತುಗಳನ್ನು ಈಗಲೂ ಹಾಳುಮಾಡಬೇಕಾಗಿಲ್ಲ: ಅವನ್ನೇ ಬರೆದುಕೊಂಡು ಇಬ್ಬರೂ ಕೂಡಿ ನ್ಯಾಯಾಲಯಕ್ಕೆ ಅರ್ಜಿಯೊಡನೆ ಒಪ್ಪಿಸಬಹುದು. ಆಗ ಇಬ್ಬರ ಸಮ್ಮತಿಯನ್ನೂ ನ್ಯಾಯಾಧೀಶರು ತಾವೇ ವಿಚಾರಿಸಿ ಡಿಕ್ರಿಯನ್ನು ಕೊಡುತ್ತಾರೆ.