ಥೈರಾಯ್ಡ್ ಗ್ರಂಥಿಯ ಉರಿಯೂತ

ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ಅಂಟಿಕೊಂಡಿರುವ ಥೈರಾಯ್ಡ್ ಗ್ರಂಥಿ ಉರಿಯೂತಕ್ಕೆ ಒಳಗಾಗುವ ಸ್ಥಿತಿ. ವೈದ್ಯರು ಇದನ್ನು ಥೈರಾಯ್ಡೈಟಿಸ್ ಎನ್ನುತ್ತಾರೆ. ಇದು ಒಂದೇ ರೋಗವಲ್ಲ, ಹಲವು ರೋಗಗಳ ಗುಂಪು. ಕೆಲವು ತಾವಾಗಿಯೇ ವಾಸಿಯಾಗುತ್ತವೆ, ಕೆಲವಕ್ಕೆ ಜೀವನಪರ್ಯಂತ ಮಾತ್ರೆ ಬೇಕಾಗುತ್ತದೆ. ಬಂದಿರುವುದು ಯಾವುದೆಂದು ಸರಿಯಾಗಿ ಗುರುತಿಸಿದರೆ ಚಿಕಿತ್ಸೆಯ ಅರ್ಧ ಕೆಲಸ ಮುಗಿದಂತೆ.

ವಯಸ್ಕರಲ್ಲಿ ಈ ಗ್ರಂಥಿಯ ತೂಕ ಸುಮಾರು 15ರಿಂದ 25 ಗ್ರಾಂ. ಆಹಾರದ ಅಯೋಡಿನ್ ಬಳಸಿ ಇದು ಟಿ4 ಮತ್ತು ಟಿ3 ಎಂಬ ಹಾರ್ಮೋನುಗಳನ್ನು ತಯಾರಿಸಿ, ವಾರಗಟ್ಟಲೆಗೆ ಸಾಲುವಷ್ಟನ್ನು ತನ್ನೊಳಗೇ ಕೂಡಿಟ್ಟುಕೊಳ್ಳುತ್ತದೆ. ಉರಿಯೂತದಿಂದ ಒಳಗಿನ ಕೋಶಗಳು ಹಾಳಾದಾಗ, ಕಣಜ ಒಡೆದು ಧಾನ್ಯ ಚೆಲ್ಲಿದಂತೆ, ಆ ದಾಸ್ತಾನು ಒಮ್ಮೆಲೇ ರಕ್ತಕ್ಕೆ ಸೋರುತ್ತದೆ. ಎದೆ ಡವಗುಟ್ಟುವುದು, ಕೈ ನಡುಗುವುದು, ವಿಪರೀತ ಬೆವರು, ತೂಕ ಇಳಿಯುವುದು ಈ ಹಂತದ ಲಕ್ಷಣಗಳು. ದಾಸ್ತಾನು ಬರಿದಾದ ಮೇಲೆ ಹಾರ್ಮೋನಿನ ಕೊರತೆ ಕಾಣಿಸಿಕೊಂಡು ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ಒಣಚರ್ಮ ಶುರುವಾಗುತ್ತವೆ. ಹೀಗಾಗಿ ಒಬ್ಬರದೇ ಎರಡು ರಕ್ತಪರೀಕ್ಷೆಗಳು ಕೆಲವೇ ತಿಂಗಳ ಅಂತರದಲ್ಲಿ ತದ್ವಿರುದ್ಧವಾಗಿ ಬರಬಹುದು. ಪ್ರಯೋಗಾಲಯದ ಮೇಲೆ ಅನುಮಾನ ಪಡಬೇಕಿಲ್ಲ, ಎರಡೂ ಸರಿಯೇ ಇರಬಹುದು. ಮೊದಲ ಹಂತದಲ್ಲಿ ಗ್ರಂಥಿ ಹೆಚ್ಚು ಹಾರ್ಮೋನು ತಯಾರಿಸುತ್ತಿರುವುದಿಲ್ಲ. ಆದ್ದರಿಂದ ತಯಾರಿಕೆಯನ್ನು ತಡೆಯುವ ಕಾರ್ಬಿಮಝೋಲ್‌ನಂಥ ಔಷಧ ಇಲ್ಲಿ ನಿಷ್ಪ್ರಯೋಜಕ. ಎದೆಬಡಿತ ಹತೋಟಿಗೆ ತರಲು ಪ್ರೊಪ್ರನೊಲಾಲ್ ಸಾಕಾಗುತ್ತದೆ.

ಈ ಗುಂಪಿನಲ್ಲಿ ಅತಿ ಸಾಮಾನ್ಯವಾದದ್ದು ಹಶಿಮೊಟೊ ಉರಿಯೂತ. ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದಲ್ಲಿದ್ದ ಶಸ್ತ್ರವೈದ್ಯ ಹಕಾರು ಹಶಿಮೊಟೊ 1912ರಲ್ಲಿ ಜರ್ಮನ್ ಭಾಷೆಯ ವೈದ್ಯಪತ್ರಿಕೆಯೊಂದರಲ್ಲಿ ನಾಲ್ವರು ಮಹಿಳೆಯರ ಗ್ರಂಥಿಗಳನ್ನು ವಿವರಿಸಿದ. ಆ ಗ್ರಂಥಿಗಳ ತುಂಬ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಮುತ್ತಿಕೊಂಡಿದ್ದವು. ಕಾರಣ ತಿಳಿಯಲು 1956ರವರೆಗೆ ಕಾಯಬೇಕಾಯಿತು. ಆ ವರ್ಷ ಲಂಡನ್ನಿನಲ್ಲಿ ಐವನ್ ರಾಯ್ಟ್, ಡೆಬೊರಾ ಡೋನಿಯಾಕ್ ಮತ್ತು ಸಂಗಡಿಗರು ಇಂಥ ರೋಗಿಗಳ ರಕ್ತದಲ್ಲಿ ತಮ್ಮದೇ ಥೈರಾಯ್ಡಿನ ವಿರುದ್ಧದ ಪ್ರತಿಕಾಯಗಳನ್ನು ಕಂಡರು. ಅದೇ ವರ್ಷ ಅಮೆರಿಕದಲ್ಲಿ ನೋಯೆಲ್ ರೋಸ್ ಮತ್ತು ಅರ್ನೆಸ್ಟ್ ವಿಟೆಬ್‌ಸ್ಕಿ ಮೊಲಗಳಲ್ಲಿ ಇದೇ ಬಗೆಯ ಹಾನಿಯನ್ನು ತೋರಿಸಿಕೊಟ್ಟರು. ದೇಹ ತನ್ನ ಮೇಲೆ ತಾನೇ ದಾಳಿ ಮಾಡಲಾರದು ಎಂಬ ಬಹುಕಾಲದ ನಂಬಿಕೆ ಇದರಿಂದ ಅಲುಗಾಡಿತು. ಇಪ್ಪತ್ತನೆಯ ಶತಮಾನದ ವೈದ್ಯವಿಜ್ಞಾನದ ದೊಡ್ಡ ತಿರುವುಗಳಲ್ಲಿ ಇದೂ ಒಂದು.

ಹಶಿಮೊಟೊ ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ನೋವಿರುವುದಿಲ್ಲ, ವರ್ಷಗಳ ಅವಧಿಯಲ್ಲಿ ಗ್ರಂಥಿ ನಿಧಾನವಾಗಿ ಸೊರಗುತ್ತದೆ. ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್ ಹಾರ್ಮೋನಿನ ಏರಿಕೆ ಮತ್ತು ಗ್ರಂಥಿಯ ವಿರುದ್ಧದ ಟಿಪಿಒ ಪ್ರತಿಕಾಯಗಳಿಂದ ಇದು ಪತ್ತೆಯಾಗುತ್ತದೆ. ಭಾರತದಲ್ಲಿ ಅಯೋಡಿನ್ ಉಪ್ಪು ಗಳಗಂಡವನ್ನು ಬಹುಮಟ್ಟಿಗೆ ತಗ್ಗಿಸಿದೆ, ಅದನ್ನು ಬಿಡಲು ಕಾರಣವಿಲ್ಲ. ಆದರೆ ಹಶಿಮೊಟೊ ಅಯೋಡಿನ್ ಕೊರತೆಯಿಂದ ಬರುವಂಥದ್ದಲ್ಲ. ಥೈರಾಯ್ಡಿಗೆ ಒಳ್ಳೆಯದೆಂದು ಮಾರುವ ಕಡಲಕಳೆಯ ಗುಳಿಗೆಗಳಲ್ಲಿನ ಅತಿಯಾದ ಅಯೋಡಿನ್ ಇದನ್ನು ಉಲ್ಬಣಗೊಳಿಸಬಹುದು.

ನೋವಿನ ಉರಿಯೂತ ಬೇರೆಯೇ. ಸ್ವಿಸ್ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕೆರ್ವೆನ್ 1904ರಲ್ಲಿ ವಿವರಿಸಿದ ಈ ಬಗೆ ಸಾಮಾನ್ಯವಾಗಿ ನೆಗಡಿ, ಗಂಟಲುನೋವು ಬಂದುಹೋದ ಕೆಲವು ವಾರಗಳ ಮೇಲೆ ಕಾಣಿಸುತ್ತದೆ. ಅಂಗಿಯ ಕಾಲರ್ ತಾಗಿದರೂ ಕತ್ತು ನೋಯುತ್ತದೆ. ನೋವು ದವಡೆಗೆ, ಕಿವಿಗೆ ಹರಡುವುದರಿಂದ ಮೊದಲು ಹಲ್ಲಿನ ಅಥವಾ ಕಿವಿಯ ವೈದ್ಯರ ಬಳಿ ಹೋಗುವವರುಂಟು. ರಕ್ತಪರೀಕ್ಷೆಯಲ್ಲಿ ಉರಿಯೂತವನ್ನು ಸೂಚಿಸುವ ಇಎಸ್‌ಆರ್ ಬಹಳ ಏರಿರುತ್ತದೆ, ಗ್ರಂಥಿ ವಿಕಿರಣ ಅಯೋಡಿನ್ನನ್ನು ಹೀರಿಕೊಳ್ಳುವುದೇ ಇಲ್ಲವೆನ್ನುವಷ್ಟು ಕಡಿಮೆ. ಐಬುಪ್ರೊಫೆನ್‌ನಂಥ ನೋವುನಿವಾರಕಕ್ಕೆ ಬಗ್ಗದಿದ್ದರೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಕೊಡುತ್ತಾರೆ. ಆಗ ನೋವು ಒಂದೆರಡು ದಿನದಲ್ಲೇ ಇಳಿಯುತ್ತದೆ. ಬಹುಪಾಲು ಜನ ಪೂರ್ತಿ ಗುಣಮುಖರಾಗುತ್ತಾರೆ.

ಹೆರಿಗೆಯ ನಂತರದ ಒಂದು ವರ್ಷದೊಳಗೆ ಬರುವ ಉರಿಯೂತದ ಕಡೆ ನಮ್ಮಲ್ಲಿ ಸಾಲುವಷ್ಟು ಗಮನ ಹರಿದಿಲ್ಲ. ಸುಸ್ತು, ಕೂದಲುದುರುವುದು, ಕಾರಣವಿಲ್ಲದೆ ಅಳು ಬರುವುದು ಎಲ್ಲವನ್ನೂ ಬಾಣಂತನದ ಲೆಕ್ಕಕ್ಕೆ ಹಾಕಿ ಸುಮ್ಮನಾಗುತ್ತೇವೆ. ಒಂದು ಟಿಎಸ್‌ಎಚ್ ಪರೀಕ್ಷೆ ಸಂದೇಹ ಬಗೆಹರಿಸುತ್ತದೆ. ಹೆಚ್ಚಿನವರಲ್ಲಿ ಗ್ರಂಥಿ ಮತ್ತೆ ಸರಿಹೋಗುತ್ತದೆ, ಕೆಲವರಲ್ಲಿ ಕೊರತೆ ಉಳಿದುಬಿಡುತ್ತದೆ. ಸರಿಹೋದವರೂ ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳಬೇಕು.

ಬ್ಯಾಕ್ಟೀರಿಯಾದಿಂದ ಕೀವು ತುಂಬುವ ಉರಿಯೂತ ಅಪರೂಪ. ಆದರೆ ತುರ್ತು ಚಿಕಿತ್ಸೆ, ಆಂಟಿಬಯಾಟಿಕ್, ಕೆಲವೊಮ್ಮೆ ಕೀವು ತೆಗೆಯುವುದು ಬೇಕಾಗುತ್ತದೆ. ಗ್ರಂಥಿ ಕಲ್ಲಿನಷ್ಟು ಗಡುಸಾಗುವ ರೀಡೆಲ್ ಉರಿಯೂತ ಇನ್ನೂ ವಿರಳ. ಹೃದಯದ ಔಷಧ ಅಮಿಯೊಡರೋನ್, ಮನೋರೋಗದ ಲಿಥಿಯಂ, ಕೆಲವು ಕ್ಯಾನ್ಸರ್ ಔಷಧಗಳೂ ಉರಿಯೂತ ತರಬಲ್ಲವು.

ಹಾರ್ಮೋನಿನ ಕೊರತೆ ನಿಂತುಬಿಟ್ಟಾಗ ಕೊಡುವುದು ಲೆವೊಥೈರಾಕ್ಸಿನ್ ಮಾತ್ರೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ. ಇಲ್ಲದಿದ್ದರೆ ಔಷಧ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಪ್ರಮಾಣ ಬದಲಿಸಿದ 6ರಿಂದ 8 ವಾರಗಳ ಮೇಲೆ ಟಿಎಸ್‌ಎಚ್ ನೋಡಬೇಕು. ವರದಿ ಸರಿ ಬಂದಿತೆಂದು ಹಶಿಮೊಟೊ ರೋಗಿಗಳು ತಾವಾಗಿ ಮಾತ್ರೆ ನಿಲ್ಲಿಸಬಾರದು, ಸರಿ ಬಂದಿರುವುದು ಮಾತ್ರೆಯಿಂದಲೇ. ಈ ಮಾತ್ರೆ ತೆಗೆದುಕೊಳ್ಳುವ ಮಹಿಳೆ ಗರ್ಭಿಣಿಯಾದರೆ, ತಿಳಿದ ಕೂಡಲೇ ವೈದ್ಯರನ್ನು ಕಾಣಬೇಕು: ಮೊದಲ ತಿಂಗಳುಗಳಲ್ಲಿ ಮಗುವಿಗೆ ಬೇಕಾದ ಥೈರಾಯ್ಡ್ ಹಾರ್ಮೋನು ತಾಯಿಯಿಂದಲೇ ಹೋಗಬೇಕಾದ್ದರಿಂದ ಪ್ರಮಾಣವನ್ನು ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ.