ಅಂಬಾಸಿಡರ್ ಗಾಡಿಯ ನಾಲ್ಕು ವಾಯರು

ನಮ್ಮ ಕಡೆ ಮದುವೆ ದಿಬ್ಬಣ ಅಂದರೆ ಒಂದು ಕಾಲಕ್ಕೆ ಅಂಬಾಸಿಡರೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಳದ ಉತ್ತರಪಾಡಾದಲ್ಲಿ 1957ರಿಂದ 2014ರವರೆಗೆ ತಯಾರಾದ ಗಾಡಿ ಇದು. ಅದರ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಬೀಳುವ ಸರದಿ 1-3-4-2.

ಸಾಲಾಗಿ 1-2-3-4 ಯಾಕಲ್ಲ? ನೋಡ್ರಿ, ಒಂದು ಮತ್ತು ನಾಲ್ಕನೆಯ ಪಿಸ್ಟನ್ ಜೋಡಿಯಾಗಿ ಏರಿದಾಗ ಎರಡು, ಮೂರು ಕೆಳಗಿರುತ್ತವೆ. ಒಂದರ ನಂತರ ಮೇಲೆ ಬರುವುದು ಆ ಜೋಡಿಯೇ. ಹಾಗಾಗಿ ಸರದಿ ಎರಡೇ ಬಗೆ: 1-3-4-2, ಇಲ್ಲವೆ 1-2-4-3. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನದು ಎರಡನೆಯದು. ಯಾವುದೆಂದು ಗೊತ್ತುಮಾಡುವುದು ವಾಲ್ವ್ ಎತ್ತುವ ಕ್ಯಾಮ್‌ಶಾಫ್ಟು. ನಮ್ಮ ಇಷ್ಟ ನಡೆಯುವುದಿಲ್ಲ.

ಕಿಡಿ ಹಂಚುವುದು ಡಿಸ್ಟ್ರಿಬ್ಯೂಟರ್. ಎಂಜಿನ್ ಎರಡು ಸುತ್ತು ತಿರುಗಿದರೆ ಅದರ ರೋಟರ್ ಒಂದು ಸುತ್ತು. ಅಂಬಾಸಿಡರಿನಲ್ಲಿ ಮೇಲಿಂದ ನೋಡಿದರೆ ಗಡಿಯಾರಕ್ಕೆ ವಿರುದ್ಧ ದಿಕ್ಕು. ವಾಯರನ್ನೂ ಅದೇ ದಿಕ್ಕಿಗೆ ಹಚ್ಚಬೇಕು.

ಹುಡುಗನಿದ್ದಾಗ ದಿಬ್ಬಣದ ಮುಂಜಾನೆ ಕ್ಯಾಪ್ ಒರೆಸಲು ಹೋಗಿ ನಾಲ್ಕೂ ವಾಯರು ಕಿತ್ತೆ. 1-3-4-2 ಬಾಯಿಪಾಠವಿತ್ತು, ಆದರೆ ಗಡಿಯಾರದ ದಿಕ್ಕಿಗೇ ಹಚ್ಚಿಬಿಟ್ಟೆ. ಒಂದು, ನಾಲ್ಕು ಸರಿಯಾದವು. ಎರಡು, ಮೂರು ಅದಲುಬದಲು. ಅಂಬಾಸಿಡರಿಗೆ ಫೋರ್ಡಿನ ಸರದಿ! ಎಂಜಿನ್ ಕುಂಟಿತು, ಕಾರ್ಬ್ಯುರೇಟರಿನಲ್ಲಿ ಢಂ ಅಂತ ಸದ್ದು. ಬಾಸಿಂಗ ಕಟ್ಟಿಕೊಂಡ ಮದುಮಗ ಒಳಗೆ ಕೂತಿದ್ದ, ಮುಹೂರ್ತ ಸರಿಯುತ್ತಿತ್ತು.

ಡ್ರೈವರ್ ಕಾಕಾ ಬೈಯಲಿಲ್ಲ. ಕ್ಯಾಪ್ ತೆಗೆದು, "ಹ್ಯಾಂಡಲ್ ತಿರುವು, ರೋಟರ್ ಯಾವ ಕಡಿ ಹೊಂಟದ ನೋಡು" ಅಂದ. ನೋಡಿದೆ. ಆಮೇಲೆ ಎರಡೇ ವಾಯರು ಬದಲಿಸಿದ, ಗಾಡಿ ಹೊರಟಿತು.